ಮಸುಕಾದ ಬಲ ಅಂಚು

ಆ ಲೆನ್ಸಿಗೆ ಎರಡು ತಿಂಗಳ ಸಂಬಳ ಹೋಗಿತ್ತು. ಅದರ ಬೆನ್ನಿಗೇ ಅತ್ತೆಯ ಹೊಸ ಕನ್ನಡಕ ಮುಂದಕ್ಕೆ ಹೋಗಿತ್ತು. ಅಡುಗೆಮನೆಯ ನಲ್ಲಿ ಇನ್ನೊಂದು ವರ್ಷ ಸೋರಲಿ ಎಂದು ತೀರ್ಮಾನವಾಗಿತ್ತು. ಇಷ್ಟೆಲ್ಲ ತೆತ್ತು ತಂದ ಲೆನ್ಸಿನಲ್ಲಿ ತೆಗೆದ ಫೋಟೋ ಈಗ ಇನ್ಸ್‌ಪೆಕ್ಟರ ಮೇಜಿನ ಮೇಲಿತ್ತು.

“ಮೇಡಂ, ಕಳ್ಳನ ಕೈಗೆ ಬೆರಳೆಷ್ಟು?”

“ಐದು ಸರ್.”

“ಇಲ್ಲಿ ನಾಲ್ಕಿದೆ.”

“ಐದನೆಯದೂ ಇದೆ. ಬಲಗಡೆ ಅಂಚಲ್ಲಿ. ಮಸುಕಾಗಿದೆ.”

“ಮಸುಕು ಬೆರಳನ್ನ ಯಾವ ಕೋರ್ಟು ನಂಬುತ್ತೆ? ಹೊಸ ಲೆನ್ಸು ಅಂದ್ರಿ. ಸೂಜಿಯಷ್ಟು ಚೂಪು ಅಂದ್ರಿ. ಅದೇನು ಸೂಜಿನೋ, ಬರೀ ದಾರ ಕಾಣ್ತಿದೆ.”

ಪಕ್ಕದ ಮೇಜಿನ ಪೇದೆ ನಗು ತಡೆಯಲು ಕೆಮ್ಮಿದ.

ಅವಳು ಪೊಲೀಸ್ ಇಲಾಖೆಯ ಫೋಟೋಗ್ರಾಫರ್. ಠಾಣೆಯಲ್ಲಿ ಎಲ್ಲರಿಗೂ ‘ಫೋಟೋ ಮೇಡಂ’. ಒಡೆದ ಗಾಜು, ಬಾಗಿಲ ಹಿಡಿ, ಬೆರಳಚ್ಚು, ಬೂಟಿನ ಗುರುತು, ಇವೇ ಅವಳ ದಿನದ ಊಟ. ಇಲಾಖೆಯ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಹೊಸದರ ಕಾಗದ ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಮಾಡುತ್ತಿತ್ತು. ಕಾದು ಕಾದು ಅವಳು ತಾನೇ ಕೈಯಿಂದ ಹಾಕಿ ಒಂದು ಕೊಂಡಿದ್ದಳು. ನೂರು ಮಿಲಿಮೀಟರಿನ ಮ್ಯಾಕ್ರೋ, ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಲೆನ್ಸು. ಹಳೆಯದು, ಫೋಕಸ್ಸು ಕೈಯಲ್ಲೇ ತಿರುಗಿಸುವಂಥದು.

ಬೆರಳಚ್ಚಿದ್ದ ಗಾಜನ್ನು ಕಳ್ಳತನವಾದ ಅಂಗಡಿಯವರು ಆಗಲೇ ತೊಳೆದುಬಿಟ್ಟಿದ್ದರು. ಮತ್ತೆ ತೆಗೆಯುವ ಹಾಗಿರಲಿಲ್ಲ.

ಅವಳು ತನ್ನ ಕೋಣೆಗೆ ಹೋದಳು. ಗೋಡೆಗೆ ಒಂದು ಪತ್ರಿಕೆಯ ಹಾಳೆ ಅಂಟಿಸಿದಳು. ಸುಕ್ಕಿಲ್ಲದಂತೆ ತಿಕ್ಕಿದಳು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ ಒಂದು ಫೋಟೋ ತೆಗೆದಳು. ನಡುವಿನ ಅಕ್ಷರ ಕತ್ತರಿಸಿಟ್ಟ ಹಾಗಿತ್ತು. ಎಡಗಡೆ ಸರಿ. ಬಲಗಡೆಯ ಕಾಲಂ ಮಾತ್ರ ನೀರಲ್ಲಿ ನೆನೆದಂತೆ ಊದಿಕೊಂಡಿತ್ತು.

ಲೆನ್ಸು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಗುರುತು ಹುಡುಕಿದಳು. ಕೊಂಡ ದಿನ ಲೆನ್ಸಿನ ಅಂಗಡಿಯ ರಿಪೇರಿಯವರು ತೋರಿಸಿದ್ದರು. ಮುಂದಿನ ಗಾಜಿನ ಒಳಗೆ, ಸೂಜಿಮೊನೆಗಿಂತ ಸಣ್ಣ ಗಾಳಿಗುಳ್ಳೆ. “ಇದು ದೋಷ ಅಲ್ಲ, ಮಚ್ಚೆ. ಹಳೆ ಗಾಜಲ್ಲಿ ಇರುತ್ತೆ. ಫೋಟೋದಲ್ಲಿ ಬರಲ್ಲ” ಎಂದಿದ್ದರು.

ತಿರುಗಿಸಿ ತಿರುಗಿಸಿ ನೋಡಿದಳು. ಮಚ್ಚೆ ಇರಲಿಲ್ಲ.

ಗಾಜಿನ ಸುತ್ತಲಿನ ಕಪ್ಪು ಬಳೆಯ ಮೇಲೆ ಬಿಳಿ ಅಕ್ಷರದಲ್ಲಿ ಲೆನ್ಸಿನ ಹೆಸರು, ನಂಬರು. ನಂಬರು ಅವಳದೇ. ಗಾಜು ಅವಳದಲ್ಲ.

“ಅಂದ್ರೆ ಏನು?” ಎಂದರು ಇನ್ಸ್‌ಪೆಕ್ಟರು.

“ಯಾರೋ ಇದೇ ಥರದ ಇನ್ನೊಂದು ಲೆನ್ಸು ಇಟ್ಟು ನನ್ನದು ತಗೊಂಡಿದ್ದಾರೆ. ಗೊತ್ತಾಗಬಾರದು ಅಂತ ನಂಬರಿನ ಬಳೆ ಅದಲು ಬದಲು ಮಾಡಿದ್ದಾರೆ.”

“ಆ ಬಳೆ ಬಿಚ್ಚೋಕೆ ಯಾರಿಗೆ ಬರುತ್ತೆ?”

“ಲೆನ್ಸು ರಿಪೇರಿ ಮಾಡೋರಿಗೆ.”

“ಊರಲ್ಲಿ ಅಂಥವರು ಎಷ್ಟು ಜನ?”

“ಒಬ್ಬರೇ.”

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಮತ್ತೆ ಪತ್ತೇದಾರಿಕೆ ಯಾಕೆ ಬೇಕು?”

*

ಅಂಗಡಿ ಮೂರನೇ ಮಹಡಿಯಲ್ಲಿತ್ತು. ಹಳೆ ಕ್ಯಾಮೆರಾ, ಹಳೆ ಲೆನ್ಸು ಮಾರುವ ಅಂಗಡಿ. ಮೆಟ್ಟಿಲು ಹತ್ತುವಾಗ ಅವಳಿಗೆ ಲೆನ್ಸು ಆರಿಸಿದ ದಿನ ಕಣ್ಣಿಗೆ ಕಟ್ಟಿತು.

ಆ ಅಂಗಡಿಯಲ್ಲಿ ಒಂದು ಪದ್ಧತಿ. ಕಿಟಕಿಯ ಎದುರು ಗೋಡೆಗೆ ಪತ್ರಿಕೆಯ ಒಂದು ಪುಟ ಅಂಟಿಸಿದ್ದರು. ಅದರ ಫೋಟೋ ತೆಗೆದು ನೋಡದೆ ಯಾವ ಲೆನ್ಸೂ ಮೆಟ್ಟಿಲು ಇಳಿಯುತ್ತಿರಲಿಲ್ಲ. ಸ್ಟ್ಯಾಂಡಿನ ಮೂರು ಕಾಲು ನಿಂತೂ ನಿಂತೂ ನೆಲದಲ್ಲಿ ಮೂರು ಕುಳಿ ಬಿದ್ದಿದ್ದವು. ರಿಪೇರಿಯವರು ಅದಕ್ಕೆ ‘ಜಾತಕ ನೋಡೋದು’ ಎನ್ನುತ್ತಿದ್ದರು. ಅವರಿಗೆ ಐವತ್ತೈದರ ಮೇಲೆ. ಅವಳು ಅವರನ್ನು ‘ಅಣ್ಣ’ ಎನ್ನುತ್ತಿದ್ದಳು. ಅವರು ‘ತಂಗಿ’ ಎನ್ನುತ್ತಿದ್ದರು. ಅವಳ ಸ್ವಂತ ತಮ್ಮ ಓದು ಬಿಟ್ಟ ಮೇಲೆ ಒಂದಷ್ಟು ಕಾಲ ಇದೇ ಅಂಗಡಿಯಲ್ಲಿ ಧೂಳು ಹೊಡೆದು, ತಾಳ್ಮೆ ಸಾಲದೆ ಬಿಟ್ಟು, ಈಗ ಮದುವೆ ಫೋಟೋಗಳಿಗೆ ಇಳಿದಿದ್ದ. ಆ ಬಳಕೆಯಿಂದ ಬಂದ ಸಂಬಂಧ ಅದು.

ಅವತ್ತು ಅವಳ ಮುಂದೆ ಎರಡು ಲೆನ್ಸು ಇದ್ದವು. ಒಂದು ಎಂಬತ್ತೈದರ ಚಿಕ್ಕ ಟೆಲಿ ಲೆನ್ಸು. ಕೆರೆಯಂಥ ದೊಡ್ಡ ಗಾಜು. ಕೈಗೆ ಬಂದರೆ ಬಿಡಲು ಮನಸ್ಸಾಗದು. ಇನ್ನೊಂದು ಈ ಮ್ಯಾಕ್ರೋ. ಗಾಜು ಬಾವಿಯೊಳಗೆ ಕೂತ ಹಾಗೆ ಒಳಗೆಲ್ಲೋ ಇತ್ತು. ನೋಡಲು ಬಡಕಲು.

“ರೂಪ ನೋಡಿ ಮರುಳಾಗಬೇಡ ತಂಗಿ,” ಎಂದಿದ್ದರು ರಿಪೇರಿ ಅಣ್ಣ. “ಎಂಬತ್ತೈದು ಮುಖದ ಲೆನ್ಸು. ಕಣ್ಣು ಚೂಪಾಗಿ ಬಂದ್ರೆ ಸಾಕು, ಕಿವಿ ಕರಗಿಹೋದ್ರೂ ಚಂದ. ತೀರಾ ಹತ್ತಿರ ಕರೆದ್ರೆ ಬರಲ್ಲ, ತೋಳುದ್ದ ದೂರದಲ್ಲೇ ನಿಂತು ನಾಚಿಕೊಳ್ಳುತ್ತೆ. ನಿನ್ನದು ಬೆರಳಚ್ಚಿನ ಕೆಲಸ. ಮೂಗು ತಾಗೋ ಹತ್ತಿರ ಹೋಗಬೇಕು. ಅಂಚಿಂದ ಅಂಚಿಗೆ ಒಂದೇ ಸಮ ಇರಬೇಕು.”

“ಈ ಮ್ಯಾಕ್ರೋದಲ್ಲಿ ಮುಖ ತೆಗೆಯೋಕೆ ಆಗಲ್ವಾ ಅಣ್ಣ?”

“ಆಗುತ್ತೆ. ತೆಗೆಸಿಕೊಂಡವರು ಆಮೇಲೆ ನಿನ್ನನ್ನ ಮಾತಾಡಿಸಲ್ಲ ಅಷ್ಟೆ. ಅದಕ್ಕೆ ಮುಲಾಜಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೆ. ಹಾಗೆ ಹೇಳಿದವರಿಗೆ ಎದೆಗೆ ಒದೆ ಬೀಳೋದು ಗೊತ್ತಲ್ಲ.”

ತಮ್ಮನಿಗೆ ಫೋನು ಮಾಡಿ ಕೇಳಿದ್ದಳು. “ಅದೇ ತಗೋ ಅಕ್ಕ, ನನ್ನದೂ ಅದೇ. ಹೋದ ವರ್ಷ ಅಲ್ಲೇ ಕೊಂಡೆನಲ್ಲ, ಉಂಗುರ ಒಡವೆಗೆಲ್ಲ ಅದನ್ನ ಬಿಟ್ಟರಿಲ್ಲ” ಎಂದಿದ್ದ. ಜಾತಕ ತೆಗೆದರು. ಮೂಲೆಯ ಸಣ್ಣಕ್ಷರವೂ ಎದ್ದು ಕಾಣುತ್ತಿತ್ತು. “ಫೋಕಸ್ಸು ಸ್ವಲ್ಪ ಬಿಗಿ ಇದೆ. ಒಂದು ರಾತ್ರಿ ಬಿಟ್ಟು ಹೋಗು, ಗ್ರೀಸು ಹಾಕಿ ಕೊಡ್ತೀನಿ” ಎಂದರು ಅಣ್ಣ.

ಆ ಒಂದು ರಾತ್ರಿ. ಈಗ ಅವಳ ತಲೆಯಲ್ಲಿ ಕೊರೆಯುತ್ತಿದ್ದುದು ಅದೇ.

ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಯಜಮಾನ ಗಲ್ಲಾದಲ್ಲಿ ಕೂತಿದ್ದ. ರಿಪೇರಿ ಅಣ್ಣ ಮೂಲೆಯ ಸ್ಟೂಲಿನ ಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದರು. ಅವಳು ನೇರ ಹೋಗಿ ಅವರ ಮೇಜಿನ ಡ್ರಾಯರು ಎಳೆದಳು. ಕೇಳಲಿಲ್ಲ. ಜೊತೆಗೆ ಬಂದ ಪೇದೆ ಬಾಗಿಲಲ್ಲಿ ನಿಂತ.

ಡ್ರಾಯರಿನಲ್ಲಿ ರಬ್ಬರಿನ ಬಿಲ್ಲೆಗಳಿದ್ದವು. ಚಿಕ್ಕದು, ದೊಡ್ಡದು, ಸಾಲಾಗಿ.

“ಇವು ಯಾಕೆ?”

“ಬಳೆ ಬಿಚ್ಚೋಕೆ. ರಬ್ಬರು ಒತ್ತಿ ತಿರುಗಿಸಿದ್ರೆ ಗೀರು ಬೀಳದ ಹಾಗೆ ಬಿಚ್ಚಿಕೊಳ್ಳುತ್ತೆ. ಯಾಕೆ ತಂಗಿ, ಏನಾಯ್ತು?”

“ನನ್ನ ಲೆನ್ಸಿನ ಬಳೆ ಬಿಚ್ಚಿದ್ಯಾ?”

ಆ ‘ದ್ಯಾ’ ಅಂಗಡಿಯಲ್ಲಿ ಎಲ್ಲರಿಗೂ ಕೇಳಿತು. ಇಷ್ಟು ಕಾಲ ‘ಅಣ್ಣ, ನೀವು’ ಎನ್ನುತ್ತಿದ್ದ ಬಾಯಲ್ಲಿ ಅವತ್ತು ‘ನೀನು’ ಬಂದಿತ್ತು.

ಅವರು ಭೂತಗನ್ನಡಿ ತೆಗೆದರು. “ಬಿಚ್ಚಿದೆ. ಗ್ರೀಸು ಹಾಕೋಕೆ ಬಿಚ್ಚಲೇಬೇಕು. ಮತ್ತೆ ಹಾಕಿದೆ.”

“ಯಾವ ಲೆನ್ಸಿಗೆ ಹಾಕಿದೆ?”

ಅವರಿಗೆ ಈಗ ಅರ್ಥವಾಯಿತು. ಮುಖದ ಬಣ್ಣ ಇಳಿಯಿತು. ಕೈ ಚಾಚಿದರು. “ಒಂದ್ಸಲ ಆ ಲೆನ್ಸು ಕೊಡಿ. ನೋಡ್ತೀನಿ.”

“ಸಾಕ್ಷಿ ಮುಟ್ಟೋ ಹಾಗಿಲ್ಲ.”

“ನೋಡಿ ಹೇಳ್ತೀನಿ ಅಷ್ಟೇ, ಮೇಡಂ.”

ತಂಗಿ ಎನ್ನುತ್ತಿದ್ದವರು ಮೇಡಂ ಎಂದರು. ಅವಳು ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೂ ತಪ್ಪಿತಸ್ಥನ ಬೆಣ್ಣೆ ಮಾತು ಎಂದುಕೊಳ್ಳುತ್ತಿದ್ದಳು.

ಆ ಮಧ್ಯಾಹ್ನವೆಲ್ಲ ಅವರು ಠಾಣೆಯ ಜಗಲಿಯ ಬೆಂಚಿನ ಮೇಲೆ ಕೂತಿದ್ದರು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಬೆಂಚು ಅದು. ಬೈಗುಳ ಇಲ್ಲ, ಏಟು ಇಲ್ಲ. ಸುಮ್ಮನೆ ಕೂರಿಸಿದ್ದು. ಸಂಜೆ ಬಿಟ್ಟರು. ಅಷ್ಟರಲ್ಲಿ ಯಜಮಾನ ಹೇಳಿ ಕಳಿಸಿದ್ದ, ನಾಳೆಯಿಂದ ಬರುವುದು ಬೇಡ ಎಂದು.

*

ಕದ್ದ ಲೆನ್ಸು ಸಿಗಬೇಕಿತ್ತು. ಅದು ಯಾರ ಕೈ ಸೇರಿದೆ?

ಅವಳಿಗೊಬ್ಬರ ಮೇಲೆ ಅನುಮಾನ. ಹಲ್ಲಿನ ಡಾಕ್ಟರು. ಅವಳು ಲೆನ್ಸು ಆರಿಸಿದ ದಿನ ಆಕೆಯೂ ಅಂಗಡಿಯಲ್ಲಿದ್ದರು. ಹಲ್ಲಿನ ಫೋಟೋ ತೆಗೆಯಲು ಅದೇ ಮ್ಯಾಕ್ರೋ ಬೇಕೆಂದು ಪಟ್ಟು ಹಿಡಿದಿದ್ದರು. ಹೆಚ್ಚಿಗೆ ಕೊಡುತ್ತೇನೆ ಎಂದೂ ಹೇಳಿದ್ದರು.

ಕ್ಲಿನಿಕ್ಕಿನಲ್ಲಿ ಔಷಧದ ವಾಸನೆ. ಕುರ್ಚಿಯ ಪಕ್ಕದ ಕಪಾಟಿನಲ್ಲಿ ಕ್ಯಾಮೆರಾ.

“ನೀವು ಕೊನೆಗೆ ಯಾವ ಲೆನ್ಸು ಕೊಂಡ್ರಿ ಡಾಕ್ಟ್ರೇ?”

“ಅರವತ್ತರದು. ನೋಡಿ ಬೇಕಾದ್ರೆ.” ಡಾಕ್ಟರು ಕೈಗವಸು ಕಳಚುತ್ತ ಅಂದರು. “ಆ ರಿಪೇರಿಯವರೇ ಆರಿಸಿ ಕೊಟ್ಟರು. ನಿಮ್ಮ ಕೋಣೆ ಇಕ್ಕಟ್ಟು, ನೂರರದು ಹಿಡಿದ್ರೆ ನಿಮ್ಮ ಬೆನ್ನು ಗೋಡೆಗೆ ತಾಗುತ್ತೆ ಅಂದ್ರು. ನಿಜ ಹೇಳ್ಬೇಕು ಅಂದ್ರೆ ಇದು ಅಗ್ಗದ್ದು. ದುಬಾರಿದು ಕೇಳಿದವಳಿಗೆ ಅಗ್ಗದ್ದು ಕೊಟ್ಟು ಕಳಿಸಿದ್ರು. ಅಂಗಡಿ ಹೇಗೆ ನಡೆಯುತ್ತೋ.”

ಅವಳು ಕ್ಯಾಮೆರಾ ನೋಡಿದಳು. ಅರವತ್ತರದೇ.

“ಇನ್ನೊಂದು ನೂರು ಇದ್ದಿದ್ರೆ ನಿಮಗೆ ಕೊಡ್ತಿದ್ರೋ ಏನೋ.”

“ಕೇಳಿದೆ. ಆ ಲೆನ್ಸು ಅಪರೂಪವಂತೆ. ಅಂಗಡಿಗೆ ಬಂದದ್ದು ಎರಡೇ ಅಂದ್ರು. ಒಂದು ನಿಮ್ಮದು. ಇನ್ನೊಂದು ಹೋದ ವರ್ಷ ಯಾರೋ ಮದುವೆ ಫೋಟೋ ಹುಡುಗ ಕೊಂಡನಂತೆ.”

ಡಾಕ್ಟರು ಕೈ ತೊಳೆಯುತ್ತಿದ್ದರು. ನೀರಿನ ಸದ್ದು ಜೋರಾಗಿ ಕೇಳಿತು.

“ಏನಾಯ್ತು? ಹಲ್ಲು ನೋವಾ?”

“ಇಲ್ಲ,” ಎಂದಳು ಫೋಟೋ ಮೇಡಂ.

ಮೆಟ್ಟಿಲು ಇಳಿಯುತ್ತ ತಮ್ಮನಿಗೆ ಫೋನು ಮಾಡಿದಳು. “ನಿನ್ನ ಮ್ಯಾಕ್ರೋ ಎಲ್ಲಿದೆ?”

“ಇಲ್ಲೇ. ಯಾಕಕ್ಕ?”

“ನನ್ನ ಲೆನ್ಸು ಬದಲಾಗಿದೆ.”

ಆ ಕಡೆಯಿಂದ ಮಾತು ಗಡಿಬಿಡಿಯಲ್ಲಿ ಬಂತು. “ಅಯ್ಯೋ, ಹಾಗಾದ್ರೆ ಅವನದೇ ಕೆಲಸ. ನಾನು ನನ್ನದನ್ನ ಕ್ಲೀನಿಂಗಿಗೆ ಅಂತ ಅಲ್ಲಿ ಕೊಟ್ಟಿದ್ದೆ, ನಿನ್ನದೂ ಅಲ್ಲೇ ಇತ್ತಲ್ಲ, ಅದೇ ದಿನ. ಎರಡೂ ಬಿಚ್ಚಿ ಅದಲು ಬದಲು ಮಾಡಿರ್ತಾನೆ. ವಯಸ್ಸಾಯ್ತಲ್ಲ ಅಕ್ಕ.”

ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಸದ್ಯ. ತಮ್ಮನ ಲೆನ್ಸು ಇವಳ ಹತ್ತಿರ, ಇವಳದು ತಮ್ಮನ ಹತ್ತಿರ. ಮಾಡಿದ್ದು ರಿಪೇರಿಯವರು. ಕಳ್ಳತನವಲ್ಲದಿದ್ದರೆ ಅಜಾಗರೂಕತೆ. ಹೇಗೂ ತಪ್ಪು ಅವರದೇ.

ಆ ಸಮಾಧಾನವನ್ನು ನೆನೆದರೆ ಅವಳಿಗೆ ಆಮೇಲೆ ಬಹಳ ಕಾಲ ಮುಖ ಬಿಸಿಯಾಗುತ್ತಿತ್ತು.

*

ಮನೆಯಲ್ಲಿ ಅತ್ತೆ ಅಡುಗೆಮನೆಯ ಕಪಾಟಿನ ಎದುರು ಸ್ಟೂಲು ಹಾಕಿಕೊಂಡು ಕ್ರೋಶಾ ಹೆಣೆಯುತ್ತಿದ್ದರು. ಗಂಡ ಹಡಗಿನ ಕೆಲಸದಲ್ಲಿ. ವರ್ಷದಲ್ಲಿ ಹೆಚ್ಚು ಕಾಲ ಈ ಮನೆಯಲ್ಲಿ ಇವರಿಬ್ಬರೇ. ಜಗಳವೂ ಇವರಿಬ್ಬರದೇ, ರಾಜಿಯೂ ಇವರಿಬ್ಬರದೇ.

ಕನ್ನಡಕ ಮುಂದಕ್ಕೆ ಹಾಕಿದಾಗ ಅತ್ತೆ ಒಂದು ಷರತ್ತು ಹಾಕಿದ್ದರು. “ನನ್ನ ಕಣ್ಣಿನ ದುಡ್ಡಲ್ಲಿ ನಿನ್ನ ಕಣ್ಣು ಬಂತು. ಅದರಲ್ಲೇ ನನ್ನ ತಾಯಿ ಹೆಣೆದ ಲೇಸು ದೊಡ್ಡದು ಮಾಡಿ ಕೊಡು. ಕುಣಿಕೆ ಎಣಿಸಿಕೊಂಡು ಹಾಗೇ ಹೆಣೀತೀನಿ.” ಹಳೆಯ ಮೇಜುಬಟ್ಟೆ. ಅವಳು ಅದನ್ನು ಹಲಗೆಗೆ ಪಿನ್ನು ಹೊಡೆದು ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟು ಹಾಕಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಸ್ವಲ್ಪ ದಿನ ಬಿಟ್ಟು ಬಟ್ಟೆಯ ಇನ್ನೊಂದು ಭಾಗದ್ದೂ ತೆಗೆದು ಕೊಟ್ಟಿದ್ದಳು.

“ಬಂದ್ಯಾ? ಈ ಎರಡನೇ ಫೋಟೋ ನನ್ನ ತಲೆ ತಿಂತಿದೆ,” ಎಂದರು ಅತ್ತೆ. “ಆಗಿಂದ ಹೇಳ್ತಿದ್ದೀನಿ, ಬಲಗಡೆ ಕುಣಿಕೆ ಎಣಿಸೋಕಾಗಲ್ಲ ಅಂತ. ನಿನಗೆ ಕಳ್ಳರ ಬೆರಳು ಕಾಣುತ್ತೆ, ಮನೆಯವರ ಮಾತು ಕೇಳಲ್ಲ.”

“ಬಟ್ಟೆ ಸುಕ್ಕಾಗಿತ್ತು ಅತ್ತೆ.”

“ಸುಕ್ಕು ನನ್ನ ಮುಖದಲ್ಲಿದೆ. ಬಟ್ಟೆಗೆ ಇಸ್ತ್ರಿ ಹಾಕಿ ಕೊಟ್ಟಿದ್ದೆ. ಮೊದಲನೇ ಫೋಟೋ ನೋಡು ಹೇಗಿದೆ. ಅಂಚಿನ ಕಡೇ ಕುಣಿಕೆ ತನಕ ಎಣಿಸಿ ಹೆಣೆದೆ. ಒಂದೂ ತಪ್ಪಿಲ್ಲ.”

ಫೋಟೋ ಮೇಡಂ ಕೈಚೀಲ ಕೆಳಗಿಡುತ್ತಿದ್ದವಳು ಹಾಗೇ ನಿಂತಳು.

ಕಪಾಟಿನ ಬಾಗಿಲ ಹತ್ತಿರ ಹೋದಳು. ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಬಾಗಿಲು. ಅದರ ಮೇಲಿನದು ಫೋಟೋ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಅತ್ತೆಯ ಕಾಟ ಎಂದು ಅನ್ನಿಸಿತ್ತು.

ಮೊದಲನೆಯದರ ಬಲ ಅಂಚು. ದಾರದ ಎಳೆ ಎಳೆ ಎದ್ದು ಕಾಣುತ್ತಿತ್ತು. ಎರಡನೆಯದರ ಬಲ ಅಂಚು. ನೀರಲ್ಲಿ ನೆನೆದಂತೆ ಊದಿತ್ತು. ಅದೇ ಹಲಗೆ. ಅದೇ ಕಿಟಕಿಯ ಬೆಳಕು. ಬೆಳಕು ಒಳಗೆ ಬಿಡುವ ಲೆನ್ಸಿನ ರಂಧ್ರವನ್ನೂ ಎರಡು ಸಲವೂ ಅಷ್ಟೇ ಕಿರಿದು ಮಾಡಿದ್ದಳು.

ಕ್ಯಾಮೆರಾದ ಕಾರ್ಡಿನಲ್ಲಿ ತಾರೀಕು ನೋಡಿದಳು. ಮೊದಲನೆಯದನ್ನು ತೆಗೆದದ್ದು ಲೆನ್ಸು ಅಂಗಡಿಯಿಂದ ಮನೆಗೆ ಬಂದ ದಿನ. ಗ್ರೀಸು ಹಾಕಿಸಿ ತಂದ ಮೇಲೆ.

ಅಂದರೆ ರಿಪೇರಿ ಅಣ್ಣ ಕೊಟ್ಟ ಲೆನ್ಸು ಸರಿಯಾಗಿತ್ತು. ಅವಳದೇ ಆಗಿತ್ತು. ಬದಲಾದದ್ದು ಇಲ್ಲಿ. ಈ ಮನೆಯಲ್ಲಿ.

ಅವಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತಳು.

“ಅತ್ತೆ, ಈ ಎರಡು ಫೋಟೋದ ನಡುವೆ ನಮ್ಮನೆಗೆ ಯಾರು ಬಂದಿದ್ರು?”

“ಯಾರು ಬರ್ತಾರೆ? ನಿನ್ನ ತಮ್ಮ ಒಬ್ಬ. ಊಟಕ್ಕೆ ಅಂತ ಬಂದ. ನೀನು ಕೋರ್ಟ್ ಡ್ಯೂಟಿಗೆ ಹೋಗಿದ್ದೆ, ಕ್ಯಾಮೆರಾ ಮನೇಲೇ ಇತ್ತು. ಅಕ್ಕನ ಹೊಸ ಲೆನ್ಸು ನೋಡ್ತೀನಿ ಅಂತ ನಿನ್ನ ಕೋಣೆಲಿ ಕೂತ. ನಾನು ಪಾತ್ರೆ ತೊಳೆಯೋಣ ಅಂದ್ರೆ ಸಿಂಕಿನ ಬಿರಡೆ ಇಲ್ಲ. ನಲ್ಲಿ ಸೋರೋ ನೀರು ಹಿಡಿಯೋಕೆ ಇರೋದು ಅದೊಂದು. ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ಎಲ್ಲಿ ಸಿಕ್ಕಿತು ಹೇಳು, ನಿನ್ನ ಮೇಜಿನ ಮೇಲೆ. ಏನು ಮನೆನೋ ಇದು.”

ಸಿಂಕಿನ ಬಿರಡೆ. ಕಪ್ಪಲ್ಲ, ಬಿಳಿ ರಬ್ಬರಿನದು. ತಳ ಒಳಕ್ಕೆ ತಗ್ಗಾಗಿತ್ತು. ಒತ್ತಿದರೆ ಸುತ್ತಿನ ಅಂಚು ಮಾತ್ರ ತಾಗುವ ಹಾಗೆ. ಗಾಜಿಗೆ ತಾಗದೆ ಬಳೆಗೆ ಮಾತ್ರ ತಾಗುವ ಹಾಗೆ. ಅವಳು ಅದನ್ನು ಒರೆಸಿ ಕಿಟಕಿಗೆ ತಂದಳು. ಅಂಚಿನ ಸುತ್ತ ಕಪ್ಪು ಬಣ್ಣದ ತೆಳು ಗೆರೆ. ನೀರಿಗೂ ಸೋಪಿಗೂ ಬಿಡದೆ ಕಚ್ಚಿಕೊಂಡಿತ್ತು.

ಕ್ಯಾಮೆರಾ ಎತ್ತಿಕೊಂಡಳು. ಬಿರಡೆಯನ್ನು ಚೌಕಟ್ಟಿನ ನಟ್ಟ ನಡುವೆ ಇಟ್ಟಳು. ಕೆಟ್ಟ ಲೆನ್ಸಾದರೂ ನಡುವೆ ಚೂಪಾಗಿತ್ತು. ಕಪ್ಪು ಬಣ್ಣದ ಒಂದೊಂದು ಚೂರೂ ಸ್ಪಷ್ಟವಾಗಿ ಬಂತು.

ಒಬ್ಬರೇ ಎಂದು ಅವಳು ಇನ್ಸ್‌ಪೆಕ್ಟರಿಗೆ ಹೇಳಿದ್ದಳು. ಒಬ್ಬರಲ್ಲ. ಆ ಸ್ಟೂಲಿನ ಪಕ್ಕ ಕೂತು ಬಳೆ ಬಿಚ್ಚುವುದನ್ನು ಕಲಿತವನು ಇನ್ನೊಬ್ಬನಿದ್ದ. ಅವನನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾನೇ ಎತ್ತಿ ಆಡಿಸಿದ ತಮ್ಮನ ಬೆರಳಚ್ಚು ಹುಡುಕುವವರು ಯಾರು?

“ಯಾಕೆ, ಅಳ್ತಿದ್ದೀಯಾ?” ಎಂದರು ಅತ್ತೆ.

“ಇಲ್ಲ.”

“ಕನ್ನಡಕ ಇಲ್ಲದಿದ್ರೂ ಅಷ್ಟು ಕಾಣುತ್ತೆ ನನಗೆ.”

*

ಮರುದಿನ ಠಾಣೆಯ ಜಗಲಿಗೆ ಎಲ್ಲರನ್ನೂ ಕರೆಸಿದಳು. ಅಂಗಡಿಯ ಯಜಮಾನ ಬಂದ. ರಿಪೇರಿ ಅಣ್ಣ ಬಂದು ಅಭ್ಯಾಸವಾದವರಂತೆ ಅದೇ ಬೆಂಚಿನ ತುದಿಗೆ ಕೂತರು. ಅವಳು ಒಳಗಿನಿಂದ ಒಂದು ಕುರ್ಚಿ ತಂದಿಟ್ಟಳು. ಅವರು ಏಳಲಿಲ್ಲ. ಕೊನೆಗೆ ತಮ್ಮ ಬಂದ. ಹೋಲಿಸಿ ನೋಡಲು ನಿನ್ನ ಲೆನ್ಸು ಬೇಕು ಎಂದು ಹೇಳಿದ್ದಳು. ತಂದಿದ್ದ. ನಂಬರು ತನ್ನದೇ ಇರುವಾಗ ತರದಿರಲು ಕಾರಣವಿರಲಿಲ್ಲ. ಮಚ್ಚೆಯ ಸಂಗತಿ ಅವನಿಗೆ ಗೊತ್ತಿರಲಿಲ್ಲ.

ಅವಳು ತನ್ನ ಹತ್ತಿರವಿದ್ದ ಲೆನ್ಸನ್ನು ರಿಪೇರಿ ಅಣ್ಣನ ಮುಂದೆ ಹಿಡಿದಳು.

“ಅವತ್ತು ಕೇಳಿದ್ರಿ. ಕೊಡಲಿಲ್ಲ. ಇವತ್ತು ನೋಡಿ.”

ಅವರು ತೆಗೆದುಕೊಂಡರು. ಬೆಳಕಿಗೆ ಹಿಡಿದರು. ಒಮ್ಮೆ ತಿರುಗಿಸಿದರು. ಫೋಕಸ್ಸಿನ ಬಳೆಯನ್ನು ಹೆಬ್ಬೆರಳಲ್ಲಿ ನೂಕಿದರು. ಅಷ್ಟೇ.

“ಇದು ನಿಮ್ಮ ಲೆನ್ಸಲ್ಲ ಮೇಡಂ. ನಾನು ಹಾಕಿದ ಗ್ರೀಸು ಇದರಲ್ಲಿಲ್ಲ.”

“ಮತ್ತೆ ಯಾರದು?” ಎಂದರು ಇನ್ಸ್‌ಪೆಕ್ಟರು.

ರಿಪೇರಿ ಅಣ್ಣನ ಕಣ್ಣು ತಮ್ಮನ ಕಡೆ ಹೋಯಿತು. ಕೂಡಲೇ ನೆಲಕ್ಕೆ ಬಂತು. “ಬಿದ್ದಿರೋ ಲೆನ್ಸು ಸರ್. ಒಳಗಿನ ಗಾಜು ಒಂದು ಕೂದಲೆಳೆ ಸರಿದಿದೆ. ಯಾರದು ಅಂತ...”

ಅವರು ಹೇಳುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬೆಂಚಿನ ಮೇಲೆ ಕೂರಿಸಿದವಳ ಮನೆಯ ಮಾನವನ್ನು ಅದೇ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು.

“ನನ್ನ ತಮ್ಮನದು,” ಎಂದಳು ಅವಳು.

ತಮ್ಮ ಎದ್ದು ನಿಂತ. “ಅಕ್ಕ, ನಾನು ಹೇಳಿದೆನಲ್ಲ, ಇವರೇ ಅಂಗಡಿಲಿ...”

“ಕೂತ್ಕೋ.”

ಅವನು ಕೂತ. ಜಾಗವಿದ್ದದ್ದು ಬೆಂಚಿನ ಮೇಲೇ.

ಅವಳು ಎರಡು ಪ್ರಿಂಟು ಮೇಜಿನ ಮೇಲೆ ಹಾಸಿದಳು. ಧ್ವನಿ ಏರಿಸಲಿಲ್ಲ. ಕೋರ್ಟಿನಲ್ಲಿ ಹೇಳುವ ಹಾಗೆ ಹೇಳಿದಳು. “ಈ ಲೇಸಿನ ಫೋಟೋ ಲೆನ್ಸು ಅಂಗಡಿಯಿಂದ ಮನೆಗೆ ಬಂದ ದಿನದ್ದು. ಬಲ ಅಂಚು ಚೂಪಾಗಿದೆ. ಅಂದ್ರೆ ಅಂಗಡಿಯಿಂದ ಸರಿಯಾದ ಲೆನ್ಸೇ ಬಂತು. ಅಲ್ಲಿಗೆ ಇವರ ಮೇಲಿನ ಆರೋಪ ಮುಗೀತು. ಇದು ಆಮೇಲಿನದು. ಅಂಚು ಮಸುಕು. ನಡುವೆ ಮನೆಗೆ ಬಂದವನು ಒಬ್ಬನೇ. ಬಳೆ ಬಿಚ್ಚೋಕೆ ಬರೋನು. ರಬ್ಬರಿಗೆ ನಮ್ಮ ಸಿಂಕಿನ ಬಿರಡೆ ತಗೊಂಡ. ಅದರ ಅಂಚಿಗೆ ಬಳೆಯ ಬಣ್ಣ ಹತ್ತಿದೆ. ನೋಡಿ. ಕೊನೇದು.” ತಮ್ಮ ತಂದ ಲೆನ್ಸನ್ನು ಬೆಳಕಿಗೆ ಹಿಡಿದು ಇನ್ಸ್‌ಪೆಕ್ಟರಿಗೆ ಕೊಟ್ಟಳು. “ನಂಬರು ಅವನದು. ಮುಂದಿನ ಗಾಜಲ್ಲಿ ಒಂದು ಗಾಳಿಗುಳ್ಳೆ ಇದೆ. ಅದು ನನ್ನದು.”

ಇನ್ಸ್‌ಪೆಕ್ಟರು ಕಣ್ಣು ಕಿರಿದು ಮಾಡಿದರು. “ಇದೆ,” ಎಂದರು.

ಅಂದು ಕೆಮ್ಮಿದ್ದ ಪೇದೆ ಇವತ್ತು ಕೆಮ್ಮಲಿಲ್ಲ.

“ಒಂದು ಮದುವೆಲಿ ಮೇಜಿಂದ ಬಿತ್ತು,” ಎಂದ ತಮ್ಮ. ಯಾರ ಮುಖವನ್ನೂ ನೋಡದೆ. “ಫೋಟೋ ಎಲ್ಲ ಒಂದು ಕಡೆ ಮಸುಕಾಗಿ ಬಂತು. ಹೆಣ್ಣಿನ ಕಡೆಯವರು ಬೈದ್ರು. ಮುಂದಿನ ಮದುವೆ ಕೈ ತಪ್ಪುತ್ತೆ ಅಂತ ಭಯ ಆಯ್ತು. ನಿನ್ನದು ಬೆರಳಚ್ಚು ಅಕ್ಕ. ಯಾವಾಗಲೂ ನಡುವೆ ಇಟ್ಟು ತೆಗೀತೀಯ. ನಿನ್ನ ಕೆಲಸಕ್ಕೆ ನಡು ಸಾಕಲ್ವಾ ಅಂದ್ಕೊಂಡೆ. ಗೊತ್ತೇ ಆಗಲ್ಲ ಅಂದ್ಕೊಂಡೆ.”

“ರಿಪೇರಿಗೆ ಯಾಕೆ ಕೊಡಲಿಲ್ಲ?”

“ಇವರ ಹತ್ರ ಕೆಲಸ ಬಿಟ್ಟಾಗ ದೊಡ್ಡ ಮಾತಾಡಿ ಬಂದಿದ್ದೆ. ಬೀಳಿಸಿದೆ ಅಂತ ಹೇಳೋಕೆ ನಾಚಿಕೆ ಆಯ್ತು.”

ರಿಪೇರಿ ಅಣ್ಣ ಲೆನ್ಸನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ಮಗುವಿನ ಜ್ವರ ನೋಡುವ ಹಾಗೆ ಮತ್ತೊಮ್ಮೆ ಅದರ ಮೇಲೆ ಬೆರಳಾಡಿಸಿದರು. “ಮೂರು ತಿರುಪು ಸಡಿಲ ಮಾಡಿ ಗಾಜು ಕೂರಿಸಿದ್ರೆ ಸರಿ ಹೋಗುತ್ತೆ,” ಎಂದರು. “ಅರ್ಧ ದಿನದ ಕೆಲಸ. ತಂದಿದ್ರೆ ಮಾಡಿ ಕೊಡ್ತಿದ್ದೆ.”

ತಮ್ಮ ಮುಖ ಮುಚ್ಚಿಕೊಂಡ.

ಇನ್ಸ್‌ಪೆಕ್ಟರು ಗಂಟಲು ಸರಿ ಮಾಡಿಕೊಂಡರು. “ಮನೆ ವಿಷಯ ಮೇಡಂ. ಮನೆಯಲ್ಲೇ ಮುಗಿಸಿಕೊಳ್ಳಿ. ಬರೆದುಕೊಳ್ಳೋದೆಲ್ಲ ಯಾಕೆ?”

“ಇವರಿಗೂ ಮನೆ ಇತ್ತು ಸರ್. ಅವತ್ತು ನಾವು ಮನೆಯಲ್ಲಿ ಮುಗಿಸಿಕೊಳ್ಳಿ ಅನ್ನಲಿಲ್ಲ. ಬರ್ಕೊಳ್ಳಿ.”

ಬರೆದುಕೊಂಡರು. ತಮ್ಮ ಸಹಿ ಹಾಕಿದ. ಎದ್ದು ಹೋಗುವಾಗ ಅಕ್ಕನ ಕಡೆ ನೋಡಲಿಲ್ಲ.

ಯಜಮಾನ ಹಲ್ಲು ಕಿರಿಯುತ್ತ ಬೆಂಚಿನ ಹತ್ತಿರ ಬಂದ. “ನಡೀರಿ, ನಿಮ್ಮ ಸ್ಟೂಲು ಖಾಲಿ ಇದೆ. ಏನೋ ಆಯ್ತು ಬಿಡಿ.”

“ಏನೂ ಆಗ್ಲಿಲ್ಲ ಯಜಮಾನ್ರೇ. ಇಷ್ಟು ವರ್ಷ ಆ ಸ್ಟೂಲಲ್ಲಿ ಕೂತಿದ್ದೆ. ನೀವು ಒಂದು ಮಾತು ಕೇಳಲಿಲ್ಲ, ಮಾಡಿದ್ಯಾ ಇಲ್ವಾ ಅಂತ. ಅಷ್ಟೇ ಆದದ್ದು. ನಾನು ಬರಲ್ಲ.”

ಯಜಮಾನ ಹೋದ. ಜಗಲಿಯಲ್ಲಿ ಅವರಿಬ್ಬರೇ ಉಳಿದರು. ಅವಳು ಕುರ್ಚಿಯಲ್ಲಿ ಕೂರಲಿಲ್ಲ.

“ಅಣ್ಣ, ನನ್ನಿಂದ ತಪ್ಪಾಯ್ತು. ನೀವು ನೋಡ್ತೀನಿ ಅಂತ ಕೈ ಚಾಚಿದ್ರಿ. ಆಗಲೇ ಕೊಟ್ಟಿದ್ರೆ ಅಲ್ಲೇ ಮುಗೀತಿತ್ತು. ಈ ಬೆಂಚಲ್ಲಿ ಕೂರೋದು ತಪ್ತಿತ್ತು.”

“ಬೆಂಚು ಪರವಾಗಿಲ್ಲ ಮೇಡಂ. ಅದು ಪೊಲೀಸಿನವರ ಬೆಂಚು, ಯಾರನ್ನ ಬೇಕಾದ್ರೂ ಕೂರಿಸುತ್ತೆ.” ಅವರು ಲೆನ್ಸನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. “‘ನೀನು’ ಅಂದ್ರಲ್ಲ. ಗಿರಾಕಿಗಳ ಮುಂದೆ. ನಾನು ಸತ್ಯ ಹೇಳಿದ ಮೇಲೂ. ಅದು ಹೋಗ್ತಿಲ್ಲ.”

ಅವರು ಎದ್ದು, ಬೆಂಚಿನ ಮೇಲೆ ತಾವು ಕೂತಿದ್ದ ಜಾಗವನ್ನು ಕೈಯಿಂದ ಒಮ್ಮೆ ಒರೆಸಿ, ಬೀದಿಗೆ ಇಳಿದರು.

*

ರಿಪೇರಿ ಅಣ್ಣನಿಗೆ ಈಗ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಫ್ರೇಮುಗಳ ಕಾಲಿಗೆ ತಿರುಪು ಹಾಕುತ್ತಾರೆ. ಊರಿನಲ್ಲಿ ಲೆನ್ಸು ಕೆಟ್ಟರೆ ಬೇರೆ ಊರಿಗೆ ಕಳಿಸಬೇಕು.

ಫೋಟೋ ಮೇಡಂ ಅತ್ತೆಯ ಕನ್ನಡಕವನ್ನು ಅಲ್ಲೇ ಮಾಡಿಸಿದಳು. ಅವರು ಅತ್ತೆಯ ಕಿವಿಯ ಹಿಂದೆ ಫ್ರೇಮು ಕೂರಿಸಿ, ಎರಡು ಸಲ ಬಿಚ್ಚಿ ಬಗ್ಗಿಸಿ, ಸರಿಯಾಗುವ ತನಕ ಬಿಡಲಿಲ್ಲ. ಕೆಲಸದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡಲಿಲ್ಲ. “ಆಯ್ತು ಮೇಡಂ, ಮತ್ತೆ ಬನ್ನಿ” ಎಂದರು.

ದಾರಿಯಲ್ಲಿ ಅತ್ತೆ ಕೇಳಿದರು, “ಇವರು ನಿನ್ನನ್ನ ತಂಗಿ ಅಂತಿರಲಿಲ್ವಾ?”

“ಅಂತಿದ್ರು,” ಎಂದಳು ಅವಳು.

ಲೆನ್ಸು ವಾಪಸ್ ಬಂತು. ಈಗಲೂ ಅಂಚಿಂದ ಅಂಚಿಗೆ ಚೂಪು. ತಮ್ಮ ಮನೆಗೆ ಬರುವುದು ನಿಂತಿತು. ಅಣ್ಣ ಎನ್ನಲು ಒಬ್ಬರಿದ್ದರು, ಅವರೂ ಇಲ್ಲ.